ಶಾಲಾ ಮಕ್ಕಳಿಗೆ ಬೆಲೆ ಕಟ್ಟುವ ಊರು

ಎಸೆಸೆಲ್ಸಿ ಪರೀಕ್ಷೆ ಮುಗಿದು ಫಲಿತಾಂಶಕ್ಕೆ ಕಾಯುವ ದಿನಗಳಲ್ಲಿ ಕಲ್ಲಡ್ಕದಿಂದ ಬಿ.ಸಿ. ರೋಡಿನವರೆಗೆ, ಗುರುವಾಯನಕೆರೆಯಿಂದ ಮೂಡುಬಿದಿರೆಯವರೆಗೆ ನಾಲ್ಕು ಮಂದಿ ಆಟದ ಹುಚ್ಚಿನವರು ಸೇರಿದಲ್ಲೆಲ್ಲ ಮಾತು ಒಂದೇ. ಆ ಹೈಸ್ಕೂಲಿನ ರೈಡರ್ ಯಾವ ಕಾಲೇಜಿಗೆ ಹೋಗುತ್ತಾನೆ? ಜಿಲ್ಲಾ ಮಟ್ಟದಲ್ಲಿ ಮಿಂಚಿದ ಎಡ ಕಾರ್ನರ್‌ನ ಹುಡುಗನನ್ನು ಯಾರು ಮಾತಾಡಿಸಿದ್ದಾರೆ? ವಾಲಿಬಾಲಿನ ಆ ಉದ್ದದ ಹುಡುಗ ಉಜಿರೆಗೋ ಮೂಡುಬಿದಿರೆಗೋ? ಫೀಸು ಪೂರ್ತಿ ಮಾಫಿಯೋ, ಹಾಸ್ಟೆಲು ಮಾತ್ರ ಫ್ರೀಯೋ? ಮನೆಯವರಿಗೆ ಏನಾದರೂ ಸಿಕ್ಕಿತೋ? ಕೇಳುವವರು ಹುಡುಗನ ನೆಂಟರಲ್ಲ, ಅವನಿಗೆ ಪಾಠ ಹೇಳಿದ ಮಾಸ್ಟ್ರೂ ಅಲ್ಲ. ಮೂವತ್ತು ನಲವತ್ತು ದಾಟಿದ, ಮನೆಯಲ್ಲಿ ಅದೇ ಪ್ರಾಯದ ಮಕ್ಕಳಿರುವ ಗಂಡಸರು. ಚಹಾ ತಣಿದರೂ ಈ ಚರ್ಚೆ ತಣಿಯುವುದಿಲ್ಲ.

ಆಟದ ಮೇಲಿನ ಪ್ರೀತಿ ಎಂದು ಇದನ್ನು ನಗುತ್ತಾ ಬಿಟ್ಟುಬಿಡಬಹುದಿತ್ತು. ಈಗ ಬಿಡುವ ಹಾಗಿಲ್ಲ. ಹಿಂದೆ ಹುಡುಗನ ತಂದೆತಾಯಿ ಮತ್ತು ಪಿ.ಟಿ. ಮಾಸ್ಟ್ರು ಶಾಲೆಯ ಜಗಲಿಯಲ್ಲಿ ಕುಳಿತು ಮಾಡುತ್ತಿದ್ದ ತೀರ್ಮಾನ ಇಂದು ಊರಿಗೆ ಊರೇ ಬಾಯಿ ಹಾಕುವ ವಿಷಯವಾಗಿದೆ. ಹೊನಲು ಬೆಳಕಿನ ಪಂದ್ಯಾಟಗಳು ಯೂಟ್ಯೂಬಿನಲ್ಲಿ ನೇರ ಪ್ರಸಾರವಾಗುತ್ತವೆ. ಹದಿನೈದರ ಹುಡುಗನ ಒಂದು ಬೋನಸ್ ರೈಡು ರಾತ್ರಿ ಕಳೆಯುವುದರೊಳಗೆ ರೀಲ್ ಆಗಿ ಸಾವಿರಾರು ಫೋನುಗಳಲ್ಲಿ ಓಡುತ್ತದೆ. ಹುಡುಗನಿಗೊಂದು ಅಡ್ಡಹೆಸರು, ಅವನ ಹೆಸರಿಗೊಂದು ಅಭಿಮಾನಿ ಬಳಗ, ಊರಿನ ಜಂಕ್ಷನ್ನಿನಲ್ಲೊಂದು ಫ್ಲೆಕ್ಸು. ಅಲ್ಲಿಂದ ಮುಂದೆ ಅವನು ಶಾಲಾ ವಿದ್ಯಾರ್ಥಿ ಎಂಬುದು ಎಲ್ಲರಿಗೂ ಮರೆತುಹೋಗುತ್ತದೆ. ಅವನು ಯಾರ ಪಾಲಿಗೆ ಬರುತ್ತಾನೆ ಎಂಬುದಷ್ಟೇ ಉಳಿಯುತ್ತದೆ. ಆಟ ನೋಡುತ್ತಿದ್ದ ನಾವು ಮಕ್ಕಳಿಗೆ ಬೆಲೆ ಕಟ್ಟಲು ಕಲಿತಿದ್ದೇವೆ. ನಮ್ಮ ಈ ಭಾಗದ ಸಾರ್ವಜನಿಕ ಜೀವನದಲ್ಲಿ ಸದ್ದಿಲ್ಲದೆ ಆಗುತ್ತಿರುವ ಕುಸಿತ ಇದು.

ಒಂದು ಮಾತು ಮೊದಲೇ ಸ್ಪಷ್ಟವಾಗಲಿ. ಆಟದ ಬಲದಿಂದ ಕಾಲೇಜು ಸೇರುವ ದಾರಿಯ ಬಗ್ಗೆ ನಮ್ಮ ತಕರಾರಿಲ್ಲ. ಮೂಡುಬಿದಿರೆಯ ಆಳ್ವಾಸ್ ಶಿಕ್ಷಣ ಪ್ರತಿಷ್ಠಾನ ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಊಟ, ವಸತಿ, ಶಿಕ್ಷಣ ಕೊಡುವ ಪರಿಪಾಠವನ್ನು ವರ್ಷಗಳಿಂದ ನಡೆಸಿಕೊಂಡು ಬಂದಿದೆ. ಉಜಿರೆಯ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜಿನ ವಾಲಿಬಾಲ್ ಮತ್ತು ಕಬಡ್ಡಿ ತಂಡಗಳ ಹೆಸರು ಕೇಳದ ಕ್ರೀಡಾಪ್ರೇಮಿ ಕರಾವಳಿಯಲ್ಲಿಲ್ಲ. ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್‌ನಲ್ಲಿ ಮಂಗಳೂರು ವಿಶ್ವವಿದ್ಯಾಲಯ ಹಲವು ಬಾರಿ ಸಮಗ್ರ ಪ್ರಶಸ್ತಿ ಗೆದ್ದದ್ದು ಬಹುಪಾಲು ಮೂಡುಬಿದಿರೆಯ ಹುಡುಗ ಹುಡುಗಿಯರ ಕಾಲಿನ ಬಲದಿಂದ. 2020ರ ಜನವರಿಯಲ್ಲಿ ಇದೇ ಕೂಟ ಮೂಡುಬಿದಿರೆಯ ಸ್ವರಾಜ್ಯ ಮೈದಾನದಲ್ಲಿ ನಡೆದಾಗ ದೇಶದ ಮೂಲೆಮೂಲೆಯ ಓಟಗಾರರು ಇಲ್ಲಿನ ಸಿಂಥೆಟಿಕ್ ಟ್ರ್ಯಾಕ್ ಮೇಲೆ ಓಡಿದರು. 2018ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಬೆಳ್ಳಿ ಗೆದ್ದ ತಮಿಳುನಾಡಿನ ಧರುಣ್ ಅಯ್ಯಸಾಮಿ ಕಾಲೇಜು ಓದಿದ್ದು ಮೂಡುಬಿದಿರೆಯಲ್ಲಿ. ಬಯಲುಸೀಮೆಯ ಕೂಲಿಕಾರರ ಮಗಳು ಇಲ್ಲಿಗೆ ಬಂದು ಪದವಿ ಪಡೆದು ಪೊಲೀಸ್ ಇಲಾಖೆ ಸೇರಿದರೆ ಅದಕ್ಕಿಂತ ದೊಡ್ಡ ಸಮಾಜಸೇವೆ ಬೇರೇನಿದೆ? ಬಡವರ ಮಕ್ಕಳಿಗೆ ಓದಿನ ಬಾಗಿಲು ಮುಚ್ಚಿದಾಗ ಆಟ ತೆರೆದ ಬಾಗಿಲು ಅದು. ಅದನ್ನು ಮುಚ್ಚಿ ಎಂದು ಹೇಳುವಷ್ಟು ಕುರುಡು ನಮಗಿಲ್ಲ.

ನಮ್ಮ ಆತಂಕ ಬಾಗಿಲ ಹೊರಗಿನ ನೂಕುನುಗ್ಗಲಿನದು. ಅದನ್ನು ಹೆಚ್ಚಿಸುತ್ತಿರುವವರು ಅಭಿಮಾನಿಗಳೆನಿಸಿಕೊಂಡ ನಾವು.

ಹಿಂದಿನ ತಲೆಮಾರನ್ನು ನೋಡಿ. ಕಲ್ಲಡ್ಕದ ಪಕ್ಕದ ಮಾಣಿಯ ಉದಯ ಚೌಟರು 2007ರಲ್ಲಿ ವಿಶ್ವಕಪ್ ಗೆದ್ದ ಭಾರತ ಕಬಡ್ಡಿ ತಂಡದಲ್ಲಿದ್ದರು. ಕಾರ್ಕಳ ತಾಲೂಕಿನ ಹೆರ್ಮುಂಡೆಯಿಂದ ಬಂದ ಮಮತಾ ಪೂಜಾರಿ 2010 ಮತ್ತು 2014ರ ಏಷ್ಯನ್ ಗೇಮ್ಸ್‌ಗಳಲ್ಲಿ ಚಿನ್ನ ಗೆದ್ದರು, 2012ರ ವಿಶ್ವಕಪ್‌ನಲ್ಲಿ ತಂಡವನ್ನು ಮುನ್ನಡೆಸಿದರು, 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಹದಿನಾರನೇ ಪ್ರಾಯದಲ್ಲಿ ಇವರಿಗಾಗಿ ಯಾರೂ ಫ್ಲೆಕ್ಸು ಕಟ್ಟಿಸಿರಲಿಲ್ಲ. ಶಾಲೆ, ಊರಿನ ಯುವಕ ಮಂಡಲ, ಕಾಲೇಜು, ಆಮೇಲೆ ಒಂದು ಉದ್ಯೋಗ ಎಂಬುದು ಆ ತಲೆಮಾರಿನವರ ಹಾದಿ. ಆ ಹಾದಿ ನಿಧಾನದ್ದು. ಆದರೆ ಕೊನೆಯಲ್ಲಿ ನಿಲ್ಲಲು ನೆಲವಿತ್ತು. ರೈಲ್ವೆ, ನೌಕಾಪಡೆ, ಪೊಲೀಸ್, ಎಲ್ಲಕ್ಕಿಂತ ಹೆಚ್ಚಾಗಿ ನಮ್ಮ ಅವಿಭಜಿತ ಜಿಲ್ಲೆಯಲ್ಲೇ ಹುಟ್ಟಿದ ಬ್ಯಾಂಕುಗಳು ಆಟಗಾರರಿಗೆ ಕೆಲಸ ಕೊಡುತ್ತಿದ್ದವು. ವಿಜಯಾ ಬ್ಯಾಂಕಿನ ಕಬಡ್ಡಿ ತಂಡ ಎಂದರೆ ಊರಿನ ಹುಡುಗರಿಗೆ ಅದೊಂದು ಗುರಿ. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ ಕರಗಿತು. ಮರುವರ್ಷ ಅದೇ ದಿನ ಕಾರ್ಪೊರೇಶನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲೂ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲೂ ವಿಲೀನವಾದವು. ಬ್ಯಾಂಕುಗಳ ಹೆಸರಿನ ಜೊತೆಗೆ ಕರಾವಳಿಯ ಆಟಗಾರನ ಹತ್ತಿರದ ಆಸರೆಯೂ ಹೋಯಿತು.

ಕೊನೆಯ ನೆಲ ಕುಸಿಯುತ್ತಿದ್ದ ಹೊತ್ತಿನಲ್ಲೇ ಆರಂಭದ ಆಸೆ ಆಕಾಶಕ್ಕೇರಿತು. 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಶುರುವಾಯಿತು. ಮೊದಲ ಹರಾಜಿನಲ್ಲಿ ಅತಿ ಹೆಚ್ಚು ಬೆಲೆ ಪಡೆದ ರಾಕೇಶ್ ಕುಮಾರ್‌ಗೆ ಸಿಕ್ಕಿದ್ದು 12.80 ಲಕ್ಷ ರೂಪಾಯಿ. 2018ರಲ್ಲಿ ದಕ್ಷಿಣ ಕನ್ನಡದವರೇ ಆದ ಪ್ರಶಾಂತ್ ಕುಮಾರ್ ರೈ ಅವರನ್ನು ಯು.ಪಿ. ಯೋಧಾ ತಂಡ 79 ಲಕ್ಷಕ್ಕೆ ಕೊಂಡಿತು. 2023ರಲ್ಲಿ ಪವನ್ ಸೆಹ್ರಾವತ್ ಬೆಲೆ 2.60 ಕೋಟಿ ದಾಟಿತು. ಕರಾವಳಿಯ ಸುಕೇಶ್ ಹೆಗ್ಡೆ 2017ರಲ್ಲಿ ಗುಜರಾತ್ ತಂಡದ ನಾಯಕನಾಗಿ ಫೈನಲ್‌ವರೆಗೆ ನಡೆದದ್ದನ್ನು ನಾವೆಲ್ಲ ಹೆಮ್ಮೆಯಿಂದ ನೋಡಿದೆವು. ವಾಲಿಬಾಲಿನಲ್ಲೂ ಇದೇ ಕಥೆ. 2022ರ ಮೊದಲ ಪ್ರೈಮ್ ವಾಲಿಬಾಲ್ ಲೀಗ್ ಗೆದ್ದ ಕೋಲ್ಕತ್ತ ತಂಡದ ನಾಯಕ ನಮ್ಮ ಅಶ್ವಲ್ ರೈ. ಹೆಮ್ಮೆ ತಪ್ಪಲ್ಲ. ಆದರೆ ಲೆಕ್ಕ ಮರೆಯಬಾರದು. ಪ್ರೊ ಕಬಡ್ಡಿಯಲ್ಲಿ ಇರುವುದು 12 ತಂಡ. ಒಂದೊಂದರಲ್ಲಿ ಇಪ್ಪತ್ತರ ಆಸುಪಾಸಿನ ಆಟಗಾರರು, ಅವರಲ್ಲಿ ಇರಾನಿನಂಥ ಹೊರದೇಶದವರೂ ಉಂಟು. ಹರಿಯಾಣ, ಮಹಾರಾಷ್ಟ್ರ, ತಮಿಳುನಾಡು, ಉತ್ತರ ಪ್ರದೇಶ ಸೇರಿ ಇಡೀ ದೇಶಕ್ಕೆ ಮುನ್ನೂರೂ ತುಂಬದ ಜಾಗ. ಬಂಟ್ವಾಳ ತಾಲೂಕೊಂದರಲ್ಲೇ ಈ ವರ್ಷ ಕಬಡ್ಡಿ ಕೋರ್ಟಿಗೆ ಇಳಿದ ಹೈಸ್ಕೂಲ್ ಹುಡುಗರನ್ನು ಎಣಿಸಿ ನೋಡಿದರೂ ಸಾಕು, ಸತ್ಯ ಅರ್ಥವಾಗುತ್ತದೆ. ಆ ಸತ್ಯವನ್ನು ಹುಡುಗನಿಗೆ ಹೇಳುವವರು ಯಾರು? ಬೆನ್ನು ತಟ್ಟುವವರು ನೂರು ಮಂದಿ, ಲೆಕ್ಕ ಹೇಳುವವರು ಒಬ್ಬರೂ ಇಲ್ಲ.

ಆಯ್ಕೆ ಹೇಗೆ ನಡೆಯುತ್ತದೆ ಎಂಬುದನ್ನೂ ನೋಡಬೇಕು. ಶಾಲಾ ಶಿಕ್ಷಣ ಇಲಾಖೆಯ ಕ್ರೀಡಾಕೂಟಗಳು ವಲಯ, ತಾಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತವೆ. ಈ ವ್ಯವಸ್ಥೆ ಹುಟ್ಟಿದ್ದು ಎಲ್ಲ ಶಾಲೆಯ ಮಕ್ಕಳೂ ಆಡಲಿ ಎಂದು. ಇಂದು ತಾಲೂಕು ಮಟ್ಟದ ಕೂಟ ಮಕ್ಕಳನ್ನು ಆರಿಸಿಕೊಳ್ಳುವ ಜಾಗವಾಗಿದೆ. ಹತ್ತನೇ ತರಗತಿಯವರೆಗೆ ಕಾಯುವ ತಾಳ್ಮೆಯೂ ಎಲ್ಲರಿಗಿಲ್ಲ. ಎಂಟನೇ ತರಗತಿಯ ಹುಡುಗನ ಕೈಕಾಲಿನ ಉದ್ದ ನೋಡಿ, ಅವನ ಮಾವನ ಫೋನ್ ನಂಬರ್ ಹುಡುಕಿ, ನಡುವಿನವರೊಬ್ಬರ ಮೂಲಕ ಮಾತು ಶುರುವಾಗುತ್ತದೆ. ಈ ನಡುವಿನವರು ಅನೇಕ ಸಲ ಆಟದ ಹುಚ್ಚಿನ ಊರಿನವರೇ. ‘ನಾನು ಹೇಳಿದರೆ ಅಲ್ಲಿ ಸೀಟು ಗ್ಯಾರಂಟಿ’ ಎನ್ನುವುದರಲ್ಲಿ ಅವರಿಗೊಂದು ಗತ್ತು. ಹುಡುಗ ಮುಂದೆ ಗೆದ್ದರೆ ‘ನಾನೇ ಕಳಿಸಿದ್ದು’ ಎಂಬ ಹೆಗ್ಗಳಿಕೆ. ಸೋತರೆ ಯಾರೂ ಕಳಿಸಿದವರಿಲ್ಲ.

ಹೀಗೆ ಒಬ್ಬಿಬ್ಬರನ್ನು ಎತ್ತಿಕೊಂಡ ಮೇಲೆ ಹಿಂದೆ ಉಳಿದ ಶಾಲೆಯ ಗತಿ ಏನು? ಕಬಡ್ಡಿ ತಂಡಕ್ಕೆ ಏಳು ಮಂದಿ ಕೋರ್ಟಿನಲ್ಲಿರಬೇಕು. ಮುಖ್ಯ ರೈಡರ್ ಮತ್ತು ಒಳ್ಳೆಯ ಕಾರ್ನರ್ ಹೊರಟುಹೋದರೆ ಉಳಿದ ಐವರಿಗೆ ಅಭ್ಯಾಸದ ಮನಸ್ಸೇ ಇರುವುದಿಲ್ಲ. ಮರುವರ್ಷ ಆ ಶಾಲೆ ತಂಡವನ್ನೇ ಕಳಿಸುವುದಿಲ್ಲ. ಕಳಿಸಿದರೂ ರಾಜ್ಯದ ಎಲ್ಲ ಕಡೆಯಿಂದ ಆರಿಸಿ ತಂದ, ವಸತಿಯಲ್ಲಿದ್ದು ಎರಡು ಹೊತ್ತು ತರಬೇತಿ ಪಡೆಯುವ ತಂಡದ ಎದುರು ಮೊದಲ ಸುತ್ತಿನಲ್ಲೇ ಮುಗಿಯುತ್ತದೆ. ಹೊಲ, ತೋಟ, ಬೀಡಿ ಕಟ್ಟುವ ಮನೆಗಳಿಂದ ಬಂದು ಸಂಜೆ ಬಸ್ಸು ತಪ್ಪೀತೆಂಬ ಅವಸರದಲ್ಲಿ ಆಡುವ ಮಕ್ಕಳಿಗೂ ಅವರಿಗೂ ಒಂದೇ ಅಂಕಣ, ಒಂದೇ ಟ್ರೋಫಿ. ಗೆದ್ದವರದ್ದು ತಪ್ಪೆಂದು ಹೇಳುತ್ತಿಲ್ಲ. ಇದು ಸ್ಪರ್ಧೆಯ ಹೆಸರಿನಲ್ಲಿ ನಡೆಯುವ ಅಸಮಾನತೆ, ಇಲಾಖೆ ಕಣ್ಣು ಮುಚ್ಚಿಕೊಂಡಿದೆ ಎನ್ನುತ್ತಿದ್ದೇವೆ.

ಈ ಮಣ್ಣಿನಲ್ಲಿ ಶಾಲಾ ತಂಡ ಸಾಯುವುದೆಂದರೆ ಒಂದು ಟ್ರೋಫಿ ಕೈತಪ್ಪಿದಷ್ಟೇ ಅಲ್ಲ. ನಮ್ಮಲ್ಲಿ ಸಮಾಜ ಬಾಂಧವರಿಗೆ ಸೀಮಿತ ಎಂದು ಅಚ್ಚು ಹಾಕಿಸಿದ ಪಂದ್ಯಾಟಗಳು ಪ್ರತಿ ವರ್ಷ ನಡೆಯುತ್ತವೆ. ಒಂದೊಂದು ಜಾತಿಗೆ ಒಂದೊಂದು ಕಪ್ಪು, ಒಂದೊಂದು ಮತಕ್ಕೆ ಒಂದೊಂದು ಮೈದಾನ ಎಂಬಂತಾಗಿದೆ. ಎಲ್ಲ ಮನೆಯ ಮಕ್ಕಳೂ ಒಂದೇ ಬಣ್ಣದ ಅಂಗಿ ಹಾಕಿ, ಕೈ ಕೈ ಹಿಡಿದು ಸರಪಳಿ ಕಟ್ಟಿ ನಿಲ್ಲುವ ಕೊನೆಯ ತಂಡ ಶಾಲೆಯದ್ದು. ರಾಜ್ಯದ ಉಳಿದ ಭಾಗಕ್ಕೆ ಕಲ್ಲಡ್ಕದ ಹೆಸರು ಹೆಚ್ಚಾಗಿ ಪರಿಚಯವಿರುವುದು ಕೋಮು ಗಲಾಟೆಯ ಸುದ್ದಿಯಿಂದ. ಇಂಥ ಊರಿಗೆ ಶಾಲೆಯ ತಂಡ ಎಷ್ಟು ದೊಡ್ಡ ಆಸ್ತಿ ಎಂದು ತಿಳಿಯದವರು ಅಭಿಮಾನದ ಮಾತು ಆಡಬಾರದು.

ನಮ್ಮ ಅಭಿಮಾನ ಎಲ್ಲಿ ಖರ್ಚಾಗುತ್ತಿದೆ ನೋಡಿ. ಒಂದು ರಾತ್ರಿಯ ಹೊನಲು ಬೆಳಕಿನ ಪಂದ್ಯಾಟಕ್ಕೆ ಮ್ಯಾಟು ಬಾಡಿಗೆ, ಲೈಟು, ಜನರೇಟರ್, ಗ್ಯಾಲರಿ, ಆಳೆತ್ತರದ ಟ್ರೋಫಿ, ವೀಕ್ಷಕ ವಿವರಣೆಗೆ ದುಬಾರಿ ಧ್ವನಿ. ಲಕ್ಷಗಟ್ಟಲೆ ಹಣ ವಾರದೊಳಗೆ ಒಟ್ಟಾಗುತ್ತದೆ. ಪಕ್ಕದಲ್ಲೇ ಇರುವ ಸರಕಾರಿ ಶಾಲೆಯ ಮೈದಾನದಲ್ಲಿ ಮಳೆಗಾಲದ ಕೊರಕಲು ಹಾಗೇ ಇರುತ್ತದೆ. ಮೈದಾನದ ಒಂದು ಬದಿ ಕಟ್ಟಡಕ್ಕೆ ಹೋಗಿರುತ್ತದೆ, ಇನ್ನೊಂದು ಬದಿ ವಾಹನ ನಿಲ್ಲಿಸಲು. ದೈಹಿಕ ಶಿಕ್ಷಣ ಶಿಕ್ಷಕರ ಹುದ್ದೆ ಖಾಲಿ ಬಿದ್ದಿದ್ದರೆ ಕನ್ನಡದ ಟೀಚರೋ ಗಣಿತದ ಮಾಸ್ಟ್ರೋ ಸೀಟಿ ಊದುತ್ತಾರೆ. ದೈಹಿಕ ಶಿಕ್ಷಣದ ಕುರಿತ ವೈದ್ಯನಾಥನ್ ವರದಿ ಜಾರಿ ಮಾಡಿ ಎಂದು ದೈಹಿಕ ಶಿಕ್ಷಣ ಶಿಕ್ಷಕರು ವರ್ಷಗಟ್ಟಲೆ ಮನವಿ ಕೊಟ್ಟುಕೊಂಡೇ ಬಂದಿದ್ದಾರೆ. ಅವರ ಹಿಂದೆ ಎಷ್ಟು ಮಂದಿ ಕಬಡ್ಡಿ ಅಭಿಮಾನಿಗಳು ನಿಂತರು? ಹುಡುಗನೊಬ್ಬ ಯಾವ ಕಾಲೇಜು ಸೇರುತ್ತಾನೆ ಎಂದು ಮಧ್ಯರಾತ್ರಿವರೆಗೆ ಚರ್ಚಿಸುವವರು ತಮ್ಮೂರ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಗೆ ಹೋಗಿ ಆಟದ ಪೀರಿಯಡ್ ನಡೆಯುತ್ತಿದೆಯೇ ಎಂದು ಕೇಳಿದ್ದುಂಟೇ? ಮಾವಿನ ಮರಕ್ಕೆ ನೀರು ಹೊಯ್ಯದವರೇ ಹಣ್ಣಿನ ಬೆಲೆಯ ಬಗ್ಗೆ ಜಗಳಕ್ಕೆ ನಿಂತಂತಾಗಿದೆ ನಮ್ಮ ಅವಸ್ಥೆ.

ಇನ್ನು ಮಕ್ಕಳ ಮೈಯ ಮಾತು. ನಮ್ಮ ಕಡೆ ಕಬಡ್ಡಿ ತೂಕದ ವಿಭಾಗಗಳಲ್ಲಿ ನಡೆಯುತ್ತದೆ. 55 ಕೆ.ಜಿ., 60 ಕೆ.ಜಿ. ಎಂದು ಕರಪತ್ರದಲ್ಲಿ ಹಾಕುವುದು ಸುಲಭ. ತೂಕಕ್ಕೆ ನಿಲ್ಲಲು ಬೆಳೆಯುವ ಹುಡುಗ ಎರಡು ದಿನ ಅನ್ನ ಬಿಟ್ಟು, ನೀರು ಕುಡಿಯದೆ, ಬಿಸಿಲಲ್ಲಿ ದಪ್ಪ ಜಾಕೆಟ್ ಹಾಕಿ ಓಡುವುದನ್ನು ಕಂಡವರು ಎಷ್ಟೋ ಮಂದಿ ಇದ್ದಾರೆ, ತಡೆದವರು ಕಡಿಮೆ. ರಾತ್ರಿ ಎರಡು ಗಂಟೆಗೆ ಸೆಮಿಫೈನಲ್, ಬೆಳಗಿನ ಜಾವ ಫೈನಲ್, ಒಂಬತ್ತೂವರೆಗೆ ಶಾಲೆಯ ಪ್ರಾರ್ಥನೆ. ಮೊಣಕಾಲಿನ ಲಿಗಮೆಂಟು ಹರಿಯುವುದು ಕಬಡ್ಡಿಯಲ್ಲಿ ಸಾಮಾನ್ಯ ಗಾಯ. ಎಂ.ಆರ್.ಐ. ಸ್ಕ್ಯಾನು, ಶಸ್ತ್ರಚಿಕಿತ್ಸೆ, ಫಿಸಿಯೋಥೆರಪಿ ಎಂದು ಖಾಸಗಿ ಆಸ್ಪತ್ರೆಯ ಲೆಕ್ಕ ಲಕ್ಷ ದಾಟುತ್ತದೆ. ಮತ್ತೆ ಕೋರ್ಟಿಗಿಳಿಯಲು ತಿಂಗಳುಗಟ್ಟಲೆ ಬೇಕು. ಪಂದ್ಯಾಟದ ಸಂಘಟಕರು ಆ ರಾತ್ರಿ ಮೈಕಿನಲ್ಲಿ ಸಹಾಯಧನ ಘೋಷಿಸಿ ಚಪ್ಪಾಳೆ ಪಡೆಯಬಹುದು. ಆರು ತಿಂಗಳ ಮೇಲೆ ಹುಡುಗನ ಮನೆಯ ಮೆಟ್ಟಿಲು ಹತ್ತುವುದು ಅವನ ಪಿ.ಟಿ. ಮಾಸ್ಟ್ರು ಮಾತ್ರ. ಗಾಯಗೊಂಡ ಹುಡುಗನ ಉಚಿತ ಸೀಟು ಉಳಿಯುತ್ತದೆಯೇ? ಬಾಯಿಮಾತಿನಲ್ಲಿ ಕೊಟ್ಟದ್ದಾದರೆ ಬಾಯಿಮಾತಿನಲ್ಲೇ ಹೋಗುತ್ತದೆ.

ಬೆಲೆ ಏರಿದಲ್ಲಿ ಕಳ್ಳದಾರಿಯೂ ಹುಟ್ಟುತ್ತದೆ. ವಯಸ್ಸು ಕಡಿಮೆ ತೋರಿಸಿ ಆಡಿಸುವುದು ದೇಶದ ಎಲ್ಲ ಆಟಗಳಿಗೂ ಅಂಟಿದ ರೋಗ. ಕೇಂದ್ರ ಕ್ರೀಡಾ ಸಚಿವಾಲಯ 2010ರಲ್ಲೇ ಇದರ ವಿರುದ್ಧ ಸಂಹಿತೆ ತಂದಿತ್ತು. ಅದು ಸಾಲದೆಂದು 2025ರಲ್ಲಿ ಹೊಸ ಕರಡು ಹೊರಡಿಸಬೇಕಾಯಿತು. ಉದ್ದೀಪನ ಮದ್ದಿನ ಕಥೆ ಇದಕ್ಕಿಂತ ಘೋರ. 2023ರ ಸೆಪ್ಟೆಂಬರ್‌ನಲ್ಲಿ ದೆಹಲಿ ರಾಜ್ಯ ಅಥ್ಲೆಟಿಕ್ಸ್ ಕೂಟಕ್ಕೆ ಪರೀಕ್ಷೆಯ ಅಧಿಕಾರಿಗಳು ಬಂದರೆಂಬ ಸುದ್ದಿ ಹಬ್ಬಿದ್ದೇ ತಡ, ಪುರುಷರ 100 ಮೀಟರ್ ಫೈನಲ್ಲಿನಲ್ಲಿ ಒಬ್ಬನೇ ಓಟಗಾರ ಓಡಿದ. 2024ರ ಜನವರಿಯಲ್ಲಿ ವಿಶ್ವ ಉದ್ದೀಪನ ಮದ್ದು ತಡೆ ಘಟಕ ಹೊರತಂದ ಹತ್ತು ವರ್ಷಗಳ ಅಧ್ಯಯನದಲ್ಲಿ, ಅಪ್ರಾಪ್ತ ಕ್ರೀಡಾಪಟುಗಳು ಸಿಕ್ಕಿಬಿದ್ದ ಪ್ರಕರಣಗಳ ಪಟ್ಟಿಯಲ್ಲಿ ರಷ್ಯಾದ ನಂತರದ ಸ್ಥಾನ ಭಾರತದ್ದು. ಇದು ಮಕ್ಕಳ ಲೆಕ್ಕ ಎಂಬುದನ್ನು ಮತ್ತೊಮ್ಮೆ ಓದಿಕೊಳ್ಳಿ. ಜಿಮ್ಮಿನಲ್ಲಿ ಯಾರೋ ಕೊಟ್ಟ ಪುಡಿಯಲ್ಲಿ ಏನಿದೆ ಎಂದು ಹದಿನಾರರ ಹುಡುಗನಿಗೆ ಗೊತ್ತಿರುವುದಿಲ್ಲ. ಸಿಕ್ಕಿಬಿದ್ದರೆ ಹೆಸರು ಕೆಡುವುದು ಅವನದ್ದೇ.

ಹೆಣ್ಣುಮಕ್ಕಳ ವಿಷಯದಲ್ಲಿ ಅಭಿಮಾನಿಗಳ ಬಣ್ಣ ಪೂರ್ತಿ ಬಯಲಾಗುತ್ತದೆ. ಮಮತಾ ಪೂಜಾರಿಯಂಥ ಆಟಗಾರ್ತಿಯನ್ನು ಕೊಟ್ಟ ಕರಾವಳಿಯಲ್ಲಿ ಕಬಡ್ಡಿ ಆಡುವ ಹುಡುಗಿ ಯಾವ ಕಾಲೇಜು ಸೇರಿದಳೆಂದು ಹೋಟೆಲಿನಲ್ಲಿ ಚರ್ಚೆ ನಡೆಯುವುದು ಅಪರೂಪ. ಮುಕ್ತ ಪಂದ್ಯಾಟದ ಕರಪತ್ರದಲ್ಲಿ ಮಹಿಳಾ ವಿಭಾಗ ಇದ್ದರೆ ಅದು ಪ್ರದರ್ಶನ ಪಂದ್ಯ. ಆಟದ ಪ್ರೀತಿಯೇ ಆಗಿದ್ದರೆ ಆಟ ಎಲ್ಲಿದ್ದರೂ ಪ್ರೀತಿ ಅಲ್ಲಿರಬೇಕಿತ್ತು. ನಮ್ಮ ಕಣ್ಣಿರುವುದು ಲಕ್ಷ, ಕೋಟಿಗಳ ಹರಾಜು ಎಲ್ಲಿದೆಯೋ ಅಲ್ಲಿ ಮಾತ್ರ.

ಈ ದಾರಿ ಕೊನೆಗೆ ಎಲ್ಲಿಗೆ ಮುಟ್ಟುತ್ತದೆ ಎಂದು ತಿಳಿಯಬೇಕಾದರೆ ಅಮೆರಿಕದ ಕಡೆ ಒಮ್ಮೆ ನೋಡಬಹುದು. ಅಲ್ಲಿ ಹೈಸ್ಕೂಲಿನ ಅಮೆರಿಕನ್ ಫುಟ್ಬಾಲ್ ಹುಡುಗರಿಗೆ ಎರಡು, ಮೂರು, ನಾಲ್ಕು, ಐದು ನಕ್ಷತ್ರ ಎಂದು ಅಂಕ ಹಾಕುವುದೇ ಒಂದು ಉದ್ಯಮ. ಯಾವ ಹುಡುಗ ಯಾವ ಕಾಲೇಜಿಗೆ ಸಹಿ ಹಾಕುತ್ತಾನೆ ಎಂಬುದಕ್ಕೆ ವರ್ಷದಲ್ಲಿ ಗೊತ್ತಾದ ದಿನಗಳು, ಟಿ.ವಿ. ಪ್ರಸಾರ. ಮೇಜಿನ ಮೇಲೆ ಬೇರೆ ಬೇರೆ ಕಾಲೇಜುಗಳ ಟೊಪ್ಪಿಗಳನ್ನು ಇಟ್ಟು, ಹದಿನೇಳರ ಹುಡುಗ ಒಂದನ್ನು ತಲೆಗಿಟ್ಟರೆ ಅರ್ಧ ರಾಜ್ಯ ಕುಣಿಯುತ್ತದೆ, ಇನ್ನರ್ಧ ಅವನನ್ನು ಬೈಯುತ್ತದೆ. 2021ರ ಜುಲೈಯಿಂದ ಕಾಲೇಜು ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸುವ ಹಕ್ಕು ಪಡೆದರು. 2025ರಿಂದ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದಾಗಿದೆ, ಮೊದಲ ವರ್ಷ ಒಂದು ಕಾಲೇಜಿಗೆ ಸುಮಾರು 2.05 ಕೋಟಿ ಡಾಲರ್ ಮಿತಿ ಇತ್ತು. ಇಷ್ಟೆಲ್ಲ ಆದ ಮೇಲೂ ಅಲ್ಲಿ ಕಾಲೇಜು ಫುಟ್ಬಾಲ್ ಆಡಿದವರಲ್ಲಿ ವೃತ್ತಿಪರ ಲೀಗ್ ಮುಟ್ಟುವವರು ನೂರಕ್ಕೆ ಇಬ್ಬರಿಗಿಂತ ಕಡಿಮೆ. ಆದರೂ ಅಲ್ಲಿ ಹುಡುಗನಿಗೆ ಸಿಗುವುದು ಬರವಣಿಗೆಯ ಕರಾರು, ಕೇಳಲೊಂದು ನ್ಯಾಯಾಲಯ. ಅವರ ಹುಚ್ಚನ್ನು ತಂದುಕೊಂಡ ನಾವು ಅವರ ಕಾಗದ ಪತ್ರವನ್ನು ತಂದುಕೊಂಡಿಲ್ಲ.

‘ನಾವು ಪ್ರೋತ್ಸಾಹ ಕೊಡುವುದು ತಪ್ಪೇ?’ ಎಂದು ಅಭಿಮಾನಿಗಳು ಕೇಳುತ್ತಾರೆ. ಪ್ರೋತ್ಸಾಹವೇ ಆಗಿದ್ದರೆ ತಪ್ಪಿಲ್ಲ. ಆದರೆ ತಾವು ಬಯಸಿದ ಕಾಲೇಜಿಗೆ ಹೋಗದ ಹುಡುಗನನ್ನು ‘ದುಡ್ಡಿಗೆ ಮಾರಿಕೊಂಡವನು’ ಎನ್ನುವುದು ಪ್ರೋತ್ಸಾಹವಲ್ಲ. ಅವನು ಸಿಕ್ಕಿಬಿದ್ದ ಒಂದು ರೈಡಿಗೆ ನಗುವಿನ ಹಾಡು ಜೋಡಿಸಿ ಹಂಚುವುದು ಪ್ರೋತ್ಸಾಹವಲ್ಲ. ಅವನ ಹೆಸರಿನಲ್ಲಿ ಬೆಟ್ಟು ಕಟ್ಟುವುದಂತೂ ಅಪರಾಧ. ನಿನ್ನೆಯವರೆಗೆ ಹೆಗಲ ಮೇಲೆ ಹೊತ್ತು ಕುಣಿದವರು ಎರಡು ಸೋಲಿನ ಮೇಲೆ ಕಾಣಿಸದೆ ಹೋದರೆ ಹದಿನಾರರ ಮನಸ್ಸು ಅದನ್ನು ಹೇಗೆ ತಾಳೀತು? ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಗೆಂದು 2023ರಲ್ಲಿ ಬಂದ ಕಾಯ್ದೆಯೂ ಹದಿನೆಂಟರೊಳಗಿನವರನ್ನು ಮಕ್ಕಳೆಂದೇ ಕರೆಯುತ್ತದೆ, ಅವರ ಮಾಹಿತಿ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕೆನ್ನುತ್ತದೆ. ನಮ್ಮ ಊರಿನ ಫ್ಲೆಕ್ಸುಗಳಿಗೂ ರೀಲುಗಳಿಗೂ ಯಾವ ಒಪ್ಪಿಗೆಯೂ ಬೇಡ.

ಬೈದು ಸುಮ್ಮನಾಗುವುದು ಸಂಪಾದಕೀಯದ ಕೆಲಸವಲ್ಲ. ಆಗಬೇಕಾದ್ದು ಇಷ್ಟು. ಆಟದ ಮೇಲೆ ಮಕ್ಕಳನ್ನು ಸೇರಿಸಿಕೊಳ್ಳುವ ಪ್ರತಿಯೊಂದು ಶಾಲೆ, ಕಾಲೇಜು ಕೊಡುವ ಸೌಲಭ್ಯವನ್ನು ಬರವಣಿಗೆಯಲ್ಲಿ ಕೊಡಲಿ. ಎಷ್ಟು ವರ್ಷ, ಏನೇನು ಉಚಿತ, ಗಾಯವಾದರೆ ಚಿಕಿತ್ಸೆ ಯಾರದ್ದು, ತಂಡದಿಂದ ಬಿಟ್ಟರೂ ಓದು ಮುಗಿಯುವವರೆಗೆ ಸೀಟು ಉಳಿಯುತ್ತದೆಯೇ ಎಂಬ ನಾಲ್ಕು ಮಾತು ಕನ್ನಡದಲ್ಲಿ, ತಂದೆತಾಯಿಗೆ ಓದಲು ಬರುವ ಹಾಗೆ ಇರಲಿ. ಒಳ್ಳೆಯ ಸಂಸ್ಥೆಗಳಿಗೆ ಇದರಿಂದ ಕಳೆದುಕೊಳ್ಳುವುದು ಏನೂ ಇಲ್ಲ. ಹೀಗೆ ಸೇರಿದ ಮಕ್ಕಳಲ್ಲಿ ಎಷ್ಟು ಮಂದಿ ಪದವಿ ಮುಗಿಸಿದರು ಎಂಬುದನ್ನು ಪದಕಗಳ ಪಟ್ಟಿಯ ಪಕ್ಕದಲ್ಲೇ ಪ್ರಕಟಿಸಲಿ. ಶಿಕ್ಷಣ ಇಲಾಖೆ ತಾಲೂಕು ಮಟ್ಟದ ಕೂಟಗಳಲ್ಲಿ ವಸತಿ ತರಬೇತಿಯ ತಂಡಗಳಿಗೂ ಊರಿನ ಶಾಲೆಗಳಿಗೂ ಪ್ರತ್ಯೇಕ ವಿಭಾಗ ಮಾಡುವ ಬಗ್ಗೆ ಯೋಚಿಸಲಿ. ಖಾಲಿ ಇರುವ ದೈಹಿಕ ಶಿಕ್ಷಣ ಶಿಕ್ಷಕರ ಹುದ್ದೆ ತುಂಬಲಿ. ಶಾಲಾ ಮಕ್ಕಳು ಆಡುವ ಪಂದ್ಯಾಟ ರಾತ್ರಿ ಹತ್ತಕ್ಕೆ ಮುಗಿಯಬೇಕು, ವೈದ್ಯರು ಸ್ಥಳದಲ್ಲಿರಬೇಕು, ವಿಮೆ ಇರಬೇಕು ಎಂಬ ಷರತ್ತು ಇಲ್ಲದೆ ಅಮೆಚೂರ್ ಕಬಡ್ಡಿ ಸಂಘಟನೆಗಳು ಮಾನ್ಯತೆ ಕೊಡದಿರಲಿ, ಪಂಚಾಯತುಗಳು ಪರವಾನಿಗೆ ಕೊಡದಿರಲಿ. ತೂಕ ಇಳಿಸಲು ಉಪವಾಸ ಬೀಳಿಸುವ ತಂಡದ ಮ್ಯಾನೇಜರನ್ನು ಕೂಟದಿಂದಲೇ ಹೊರಗಿಡಲಿ.

ತಂದೆತಾಯಿಯರಿಗೆ ಒಂದು ಮಾತು. ಮಗನ ಆಟವನ್ನು ಹೊಗಳಿ ಮನೆಗೆ ಬಂದವರಿಗೆ ಚಹಾ ಕೊಡಿ, ಆದರೆ ಮಾತು ಕೊಡುವ ಮೊದಲು ಅವನ ಪಿ.ಟಿ. ಮಾಸ್ಟ್ರನ್ನೂ ಕ್ಲಾಸ್ ಟೀಚರನ್ನೂ ಕೇಳಿ. ಪಿಯುಸಿಯಲ್ಲಿ ಯಾವ ವಿಷಯ ಓದುತ್ತಾನೆ ಎಂಬ ಪ್ರಶ್ನೆಗೆ ಉತ್ತರವಿಲ್ಲದ ಕಡೆ ಕಳಿಸಬೇಡಿ. ಮಗ ಬೇಡವೆಂದರೆ ಅವನನ್ನು ಒತ್ತಾಯಿಸಬೇಡಿ.

ಕೊನೆಯ ಮಾತು ಅಭಿಮಾನಿಗಳಾದ ನಮಗೆ. ಯಾವ ಹುಡುಗ ಯಾವ ಕಾಲೇಜು ಸೇರುತ್ತಾನೆ ಎಂಬುದು ಅವನ ಮನೆಯ ವಿಷಯ. ನಮ್ಮೂರ ಶಾಲೆಗೆ ಈ ವರ್ಷ ಕಬಡ್ಡಿ ತಂಡ ಇದೆಯೇ ಎಂಬುದು ನಮ್ಮೆಲ್ಲರ ವಿಷಯ. ಮೊದಲನೆಯದರಲ್ಲಿ ತಲೆ ಹಾಕುವುದನ್ನು ಬಿಟ್ಟು ಎರಡನೆಯದಕ್ಕೆ ಹೆಗಲು ಕೊಡುವವರೆಗೆ ಕ್ರೀಡಾಪ್ರೇಮಿ ಎಂಬ ಹೆಸರಿಗೆ ನಾವು ಅರ್ಹರಲ್ಲ. ಮುಂದಿನ ಪಂದ್ಯಾಟದ ಟ್ರೋಫಿಗೆಂದು ಎತ್ತುವ ಚಂದಾದಲ್ಲಿ ಅರ್ಧವನ್ನು ಪಕ್ಕದ ಸರಕಾರಿ ಶಾಲೆಯ ಮೈದಾನಕ್ಕೆ ಕೊಡಿ. ಎಸ್‌ಡಿಎಂಸಿಯ ಮುಂದಿನ ಸಭೆಗೆ ಹೋಗಿ ಆಟದ ಪೀರಿಯಡ್ ಎಲ್ಲಿ ಹೋಯಿತೆಂದು ಕೇಳಿ. ಶಾಲಾ ಮಕ್ಕಳ ಹೆಸರಿನ ಫ್ಲೆಕ್ಸನ್ನು ಈ ವರ್ಷದಿಂದಲೇ ನಿಲ್ಲಿಸಿ.